ಆ್ಯಂಡಿ ಮೆಕ್‌ನ್ಯಾಬ್: ಕಮಾಂಡೋ ಬರಹಗಾರನಾದ ಕಥೆ – ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟಿಷ್ ಸೈನ್ಯದ ಎಸ್‌ಎಎಸ್ ಪಡೆಯಲ್ಲಿದ್ದು ಆಮೇಲೆ ಬರಹಗಾರರಾದ ಆ್ಯಂಡಿ ಮೆಕ್‌ನ್ಯಾಬ್ ಬಗ್ಗೆ ಮಾತಾಡಿದಾಗೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವನ್ನು ಕಾಲೇಜು ಹುಡುಗರು ಕೇಳಿದ್ದಾರೆ, ಕೆಲವು ಪತ್ರಗಳಲ್ಲಿ ಬಂದಿವೆ, ಕೆಲವನ್ನು ಸೈನಿಕರ ಮನೆಯವರೇ ಕೇಳಿದ್ದಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಪರಿಚಯ

ಯಾರಪ್ಪ ಈ ಮೆಕ್‌ನ್ಯಾಬ್? ಹೆಸರೇ ಕೇಳಿಲ್ಲ.

1959ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಸೈನ್ಯ ಸೇರಿ, 1984ರಲ್ಲಿ ಬ್ರಿಟನ್ನಿನ ವಿಶೇಷ ಪಡೆಯಾದ ಎಸ್‌ಎಎಸ್‌ಗೆ ಹೋದರು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನೊಳಗೆ ಎಂಟು ಜನರ ಒಂದು ತಂಡ ನಡೆಸಿದರು. ಆ ಕಾರ್ಯಾಚರಣೆ ಕೆಟ್ಟಿತು, ಅವರು ಸೆರೆ ಸಿಕ್ಕರು, ಬದುಕಿ ಬಂದರು. 1993ರಲ್ಲಿ ಸೈನ್ಯ ಬಿಟ್ಟರು. ಅದೇ ವರ್ಷ ಆ ಕಥೆಯನ್ನು ‘ಬ್ರಾವೋ ಟೂ ಝೀರೋ’ ಎಂಬ ಪುಸ್ತಕವಾಗಿ ತಂದರು. ಅದು ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಆಮೇಲೆ ಅವರು ಬರವಣಿಗೆಯನ್ನೇ ಕಸುಬು ಮಾಡಿಕೊಂಡು, ಹತ್ತಾರು ಥ್ರಿಲ್ಲರ್ ಕಾದಂಬರಿ ಬರೆದರು.

ಇದು ಅವರ ನಿಜವಾದ ಹೆಸರಾ? ಟೀವಿಯಲ್ಲಿ ಮುಖಾನೇ ಕಾಣಿಸಲ್ವಲ್ಲ?

ಇಲ್ಲ, ಇದು ಬರವಣಿಗೆಗೆ ಇಟ್ಟುಕೊಂಡ ಹೆಸರು. ಉತ್ತರ ಐರ್ಲೆಂಡಿನಲ್ಲಿ ಅವರು ಮಾರುವೇಷದ ಗುಪ್ತ ಕೆಲಸ ಮಾಡಿದ್ದರು. ಅಲ್ಲಿನ ಸಶಸ್ತ್ರ ಗುಂಪುಗಳಿಗೆ ಗುರುತು ಸಿಕ್ಕರೆ ಅವರಿಗೂ ಮನೆಯವರಿಗೂ ಅಪಾಯ ಇತ್ತು. ಅದಕ್ಕೇ ಎಷ್ಟೋ ವರ್ಷ ಟೀವಿ ಸಂದರ್ಶನಗಳಲ್ಲಿ ಮುಖವನ್ನು ಕತ್ತಲಲ್ಲಿಟ್ಟು, ಆಕಾರ ಮಾತ್ರ ತೋರಿಸುತ್ತಿದ್ದರು. ಪುಸ್ತಕ ಮಾರಲು ಮಾಡಿದ ಗಿಮಿಕ್ ಅಂತ ಕೆಲವರು ಹೇಳುತ್ತಾರೆ. ಉತ್ತರ ಐರ್ಲೆಂಡಿನಲ್ಲಿ 1990ರ ದಶಕದ ಕೊನೆಯವರೆಗೂ ಬಾಂಬ್ ಸಿಡಿಯುತ್ತಿತ್ತು ಅನ್ನುವುದನ್ನು ನೆನೆದರೆ ಆ ಆರೋಪ ನನಗೆ ಒಪ್ಪಿಗೆಯಾಗುವುದಿಲ್ಲ.

ಎಸ್‌ಎಎಸ್ ಅಂದ್ರೆ ನಮ್ಮ ಪ್ಯಾರಾ ಕಮಾಂಡೋಗಳ ಥರಾನಾ?

ಹೆಚ್ಚುಕಮ್ಮಿ ಹೌದು. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ, ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಡೇವಿಡ್ ಸ್ಟರ್ಲಿಂಗ್ ಎಂಬ ಅಧಿಕಾರಿ ಇದನ್ನು ಕಟ್ಟಿದರು. ಶತ್ರುವಿನ ಗಡಿಯೊಳಗೆ ನುಗ್ಗಿ, ನಿಂತಿರುವ ವಿಮಾನಗಳನ್ನು ಸುಟ್ಟು ಬರುವುದು ಆಗಿನ ಕೆಲಸ. ದೊಡ್ಡ ಸೈನ್ಯ ಮಾಡಲಾಗದ್ದನ್ನು ನಾಲ್ಕೆಂಟು ಜನರ ಸಣ್ಣ ತಂಡದಿಂದ ಮಾಡಿಸುವ ಯೋಚನೆ ಅಲ್ಲಿಂದ ಬಂತು. ಈಗ ಇದರ ನೆಲೆ ಇಂಗ್ಲೆಂಡಿನ ಹೆರೆಫರ್ಡ್ ಬಳಿ ಇದೆ. ನಮ್ಮಲ್ಲೂ ಪ್ಯಾರಾ ವಿಶೇಷ ಪಡೆಗಳಿವೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಹುಟ್ಟಿದ ಕೂಡಲೇ ಯಾರೋ ಬಿಟ್ಟುಹೋಗಿದ್ದರಂತೆ, ಹೌದಾ?

ಹೌದು. ಲಂಡನ್ನಿನ ಸದಕ್ ಪ್ರದೇಶದ ಗೈಸ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗು ಸಿಕ್ಕಿತ್ತು. ಹ್ಯಾರಡ್ಸ್ ಅನ್ನೋ ಶ್ರೀಮಂತರ ಅಂಗಡಿಯ ಕೈಚೀಲದಲ್ಲಿ ಮಲಗಿಸಿಟ್ಟಿದ್ದರು. ಪೆಕಮ್ ಎಂಬ ಬಡವರ ಬಡಾವಣೆಯ ಒಂದು ಕುಟುಂಬ ಸಾಕಿ, ದತ್ತು ತೆಗೆದುಕೊಂಡಿತು. ಶಾಲೆ ಅವರಿಗೆ ಹತ್ತಲಿಲ್ಲ. ಮನೆ ಬದಲಾದ ಹಾಗೆ ಶಾಲೆ ಬದಲಾಯಿತು, ಶಾಲೆ ಬದಲಾದ ಹಾಗೆ ಕಲಿಯುವುದು ಹಿಂದೆ ಬಿತ್ತು. ಆಮೇಲೆ ಸಣ್ಣಪುಟ್ಟ ಕಳ್ಳತನ. 1976ರಲ್ಲಿ ಬಾಲಾಪರಾಧಿಗಳನ್ನು ಇಡುವ ಕಡೆ ಹೋಗಬೇಕಾಯಿತು. ಅಲ್ಲಿಂದ ಬಂದ ಮೇಲೆ, ಹದಿನಾರರ ವಯಸ್ಸಿಗೆ ಸೈನ್ಯ ಸೇರಿದರು. ದೇಶಭಕ್ತಿಗಿಂತ ಆ ಬದುಕಿನಿಂದ ತಪ್ಪಿಸಿಕೊಳ್ಳುವುದೇ ಆಗ ಮುಖ್ಯವಾಗಿತ್ತು ಅನ್ನುವುದು ಅವರ ಬರಹಗಳಲ್ಲಿ ಎದ್ದು ಕಾಣುತ್ತದೆ.

ಸೈನ್ಯ ಸೇರುವಾಗ ಓದೋಕೇ ಬರ್ತಿರಲಿಲ್ಲ ಅಂತಾರಲ್ಲ, ಅದು ಉತ್ಪ್ರೇಕ್ಷೆ ಅಲ್ವಾ?

ಅಕ್ಷರ ಗೊತ್ತಿತ್ತು. ಆದರೆ ಓದುವ ಶಕ್ತಿ ಪ್ರೈಮರಿ ಶಾಲೆಯ ಮಗುವಿನಷ್ಟೇ ಇತ್ತು. ಹೆಲಿಕಾಪ್ಟರ್ ಪೈಲಟ್ ಆಗುವ ಆಸೆ ಇತ್ತು, ಪರೀಕ್ಷೆಯಲ್ಲಿ ಫೇಲಾಗಿ ಕಾಲ್ದಳಕ್ಕೆ ಬಿದ್ದರು.

ಆಮೇಲೆ ನಡೆದದ್ದು ನನಗೆ ಇಡೀ ಕಥೆಯಲ್ಲೇ ಮುಖ್ಯವಾದ ಘಟನೆ. ಬ್ರಿಟಿಷ್ ಸೈನ್ಯದಲ್ಲಿ ಹೀಗೆ ಶಾಲೆ ಬಿಟ್ಟು ಬಂದ ಹುಡುಗರಿಗೆ ಪಾಠ ಮಾಡುವ ವ್ಯವಸ್ಥೆ ಇತ್ತು. ಮೆಕ್‌ನ್ಯಾಬ್ ಆ ತರಗತಿಯ ಕಥೆಯನ್ನು ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅಲ್ಲಿ ಪಾಠ ಮಾಡಿದವರು ಹುಡುಗರಿಗೆ ಮೊದಲು ಹೇಳಿದ್ದು ಇಷ್ಟು: ನೀವು ದಡ್ಡರಲ್ಲ, ನಿಮಗೆ ಯಾರೂ ಕಲಿಸಿಲ್ಲ, ಇವತ್ತಿನಿಂದ ಅದು ಬದಲಾಗುತ್ತದೆ. ಕೈಗೆ ಕೊಟ್ಟ ಪುಸ್ತಕ ಪುಟಾಣಿ ಮಕ್ಕಳ ಇಂಗ್ಲಿಷ್ ಪಾಠಮಾಲೆ ‘ಜಾನೆಟ್ ಅಂಡ್ ಜಾನ್’. ಅದರ ಹತ್ತನೇ ಭಾಗವೇ ತಾವು ಪೂರ್ತಿ ಓದಿದ ಮೊದಲ ಪುಸ್ತಕ ಅಂತ ಅವರು ಹೇಳುತ್ತಾರೆ. ರೈಫಲ್ ಹಿಡಿಯುವ ಹುಡುಗ, ಸಮವಸ್ತ್ರ ಹಾಕಿಕೊಂಡು ಕೂತು, ಇಬ್ಬರು ಪುಟ್ಟ ಮಕ್ಕಳ ಚಿತ್ರಕಥೆ ಓದಿ ಮುಗಿಸಿದ. ಮುಗಿಸಿದಾಗ ಆದ ಹೆಮ್ಮೆಯನ್ನು ಅವರು ಈಗಲೂ ಮರೆಯದೆ ಹೇಳುತ್ತಾರೆ. ಪದಕಗಳ ಬಗ್ಗೆ ಅಷ್ಟು ಮಾತಾಡುವುದಿಲ್ಲ.

## ಸೈನ್ಯದ ದಿನಗಳು

ಎಸ್‌ಎಎಸ್‌ಗೆ ಸೇರೋದು ಅಷ್ಟೊಂದು ಕಷ್ಟಾನಾ?

ಮೆಕ್‌ನ್ಯಾಬ್ ಮೊದಲ ಸಲ ಫೇಲಾದರು, ಎರಡನೇ ಸಲ ಪಾಸಾದರು. ಆಯ್ಕೆಯ ಮೊದಲ ಹಂತ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ನಡೆಯುತ್ತದೆ. ಬೆನ್ನಿಗೆ ಭಾರ ಹೊತ್ತು, ನಕ್ಷೆ ನೋಡಿಕೊಂಡು, ಒಬ್ಬರೇ ನಡೆಯಬೇಕು. ಕೊನೆಯ ನಡಿಗೆ ಸುಮಾರು 64 ಕಿ.ಮೀ. ಇರುತ್ತದೆ, ಅದನ್ನು 20 ಗಂಟೆಯೊಳಗೆ ಮುಗಿಸಬೇಕು. ಯಾರೂ ಬೈಯುವುದಿಲ್ಲ, ಯಾರೂ ಹುರಿದುಂಬಿಸುವುದೂ ಇಲ್ಲ. ಆಮೇಲೆ ಕಾಡಿನ ತರಬೇತಿ ಇರುತ್ತದೆ. ಸೆರೆ ಸಿಕ್ಕರೆ ವಿಚಾರಣೆ ತಡೆದುಕೊಳ್ಳುವ ಪರೀಕ್ಷೆಯೂ ಇರುತ್ತದೆ. ಬಂದವರಲ್ಲಿ ಬಹಳ ಜನ ವಾಪಸ್ ಹೋಗುತ್ತಾರೆ.

‘ಬ್ರಾವೋ ಟೂ ಝೀರೋ’ ಅಂದ್ರೇನು? ಅವರನ್ನ ಯಾಕೆ ಕಳಿಸಿದ್ದು?

ಅದು ಆ ಎಂಟು ಜನರ ತಂಡದ ರೇಡಿಯೋ ಸಂಕೇತ. ಕರೆ ಮಾಡುವಾಗ ಹೇಳಿಕೊಳ್ಳುವ ಗುರುತು, ಅಷ್ಟೇ.

1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಶುರುವಾದ ಕೂಡಲೇ ಸದ್ದಾಂ ಹುಸೇನ್ ಇಸ್ರೇಲಿನ ಮೇಲೆ ಸ್ಕಡ್ ಕ್ಷಿಪಣಿ ಹಾರಿಸತೊಡಗಿದರು. ಇಸ್ರೇಲ್ ತಿರುಗಿ ಬಿದ್ದರೆ, ಅಮೆರಿಕದ ಜೊತೆ ನಿಂತಿದ್ದ ಅರಬ್ ದೇಶಗಳು ಕೈಬಿಡುವ ಭಯ ಇತ್ತು. ಹಾಗಾಗಿ ಲಾರಿಗಳ ಮೇಲೆ ಓಡಾಡುತ್ತಿದ್ದ ಆ ಕ್ಷಿಪಣಿಗಳನ್ನು ಹುಡುಕುವುದು ತುರ್ತು ಕೆಲಸವಾಯಿತು. ಬಾಗ್ದಾದಿನಿಂದ ವಾಯವ್ಯಕ್ಕೆ ಹೋಗುವ ಮುಖ್ಯ ರಸ್ತೆಯ ಮೇಲೆ ಕಣ್ಣಿಡುವುದು, ನೆಲದೊಳಗಿನ ಸಂಪರ್ಕ ಕೇಬಲ್ ಕತ್ತರಿಸುವುದು, ಸ್ಕಡ್ ಸಿಕ್ಕರೆ ನಾಶ ಮಾಡುವುದು – ಇವು ಈ ತಂಡಕ್ಕೆ ಒಪ್ಪಿಸಿದ ಕೆಲಸ. ಚಿನೂಕ್ ಹೆಲಿಕಾಪ್ಟರ್ ರಾತ್ರಿ ಹೊತ್ತು ಅವರನ್ನು ಗಡಿಯೊಳಗೆ ಇಳಿಸಿ ಹೋಯಿತು.

ಅಷ್ಟು ತರಬೇತಿ ಇದ್ದೂ ಎಲ್ಲಿ ಕೆಟ್ಟಿತು?

ಒಂದೇ ಕಡೆ ಅಲ್ಲ, ಒಂದರ ಹಿಂದೆ ಒಂದು ಕೆಟ್ಟಿತು.

ಗಾಡಿ ಬೇಡ, ನಡೆದೇ ಹೋಗೋಣ ಎಂದು ತೀರ್ಮಾನಿಸಿದರು. ಬಯಲು ನೆಲದಲ್ಲಿ ಗಾಡಿ ಬಚ್ಚಿಡುವುದು ಕಷ್ಟ ಅನ್ನುವುದು ಅವರ ಲೆಕ್ಕ. ಆದರೆ ನೀರು, ಊಟ, ಮದ್ದುಗುಂಡು, ರೇಡಿಯೋ ಎಲ್ಲ ಹೊರಬೇಕಾಯಿತು. ಮೆಕ್‌ನ್ಯಾಬ್ ಬರೆಯುವ ಪ್ರಕಾರ ಒಬ್ಬೊಬ್ಬರ ಮೇಲೆ ಸುಮಾರು 95 ಕೆ.ಜಿ. ಭಾರ ಇತ್ತು. ಅಂದರೆ ಒಂದು ದೊಡ್ಡ ಆಳನ್ನು ಹೊತ್ತು ನಡೆದ ಹಾಗೆ. ಆಮೇಲೆ ರೇಡಿಯೋ ಕೈಕೊಟ್ಟಿತು. ಅವರಿಗೆ ಕೊಟ್ಟಿದ್ದ ಫ್ರೀಕ್ವೆನ್ಸಿಗಳೇ ತಪ್ಪಾಗಿದ್ದವು ಅಂತ ಆಮೇಲೆ ಗೊತ್ತಾಯಿತು. ಅಡಗಿದ್ದ ಜಾಗದ ಹತ್ತಿರವೇ ಜನವಸತಿ ಇತ್ತು. ಆಡು ಕುರಿ ಮೇಯಿಸುವ ಹುಡುಗನೊಬ್ಬ ಹತ್ತಿರ ಬಂದ. ತಮ್ಮನ್ನು ನೋಡಿಬಿಟ್ಟ ಅಂತ ತಂಡ ಜಾಗ ಬಿಟ್ಟು ಹೊರಟಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಚಳಿ. ಮರುಭೂಮಿ ಅಂತ ತೆಳು ಬಟ್ಟೆಯಲ್ಲಿ ಹೋಗಿದ್ದರು. ಆ ವರ್ಷ ಅಲ್ಲಿ ಹಿಮ ಬಿತ್ತು, ಮಳೆ ಹೊಡೆಯಿತು, ಗಾಳಿ ಬೀಸಿತು. ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಸಿರಿಯಾದ ಗಡಿ ಕಡೆ ನಡೆದರು. ಆ ಕತ್ತಲಲ್ಲೇ ತಂಡ ಎರಡಾಯಿತು, ಮತ್ತೆ ಸೇರಲಿಲ್ಲ.

ಎಂಟು ಜನರಲ್ಲಿ ಬದುಕಿ ಬಂದವರು ಎಷ್ಟು?

ಐದು. ವಿನ್ಸ್ ಫಿಲಿಪ್ಸ್ ಚಳಿಗೆ ದೇಹ ತಣ್ಣಗಾಗಿ ಸತ್ತರು. ಸ್ಟೀವ್ ಲೇನ್ ಯೂಫ್ರೆಟಿಸ್ ನದಿ ಈಜಿದ ಮೇಲೆ ಹಾಗೇ ಸತ್ತರು. ಬಾಬ್ ಕನ್ಸಿಗ್ಲಿಯೋ ಗುಂಡು ತಾಗಿ ಸತ್ತರು. ಮೆಕ್‌ನ್ಯಾಬ್ ಸೇರಿ ನಾಲ್ಕು ಜನ ಸೆರೆ ಸಿಕ್ಕರು. ಒಬ್ಬರು ಮಾತ್ರ ತಪ್ಪಿಸಿಕೊಂಡರು. ಅವರನ್ನು ಓದುಗರು ಕ್ರಿಸ್ ರಯಾನ್ ಎಂಬ ಹೆಸರಿನಲ್ಲಿ ಬಲ್ಲರು. ಎಂಟು ದಿನ, ಹೆಚ್ಚುಕಡಿಮೆ 300 ಕಿ.ಮೀ. ನಡೆದು ಸಿರಿಯಾ ಮುಟ್ಟಿದರು. ಅವರೂ ಆಮೇಲೆ ಬರಹಗಾರರಾದರು.

ಸೆರೆಯಲ್ಲಿ ಅವರಿಗೆ ಏನು ಮಾಡಿದರು?

ಆರು ವಾರ ಹತ್ತಿರ ಇಟ್ಟುಕೊಂಡಿದ್ದರು. ಹೊಡೆದರು, ಹಲ್ಲು ಮುರಿದರು, ಮತ್ತೆ ಮತ್ತೆ ವಿಚಾರಣೆ ಮಾಡಿದರು. ಸ್ವಲ್ಪ ದಿನ ಕುಖ್ಯಾತ ಅಬು ಘ್ರೈಬ್ ಜೈಲಿನಲ್ಲೂ ಇದ್ದರು. ಯುದ್ಧ ಮುಗಿದ ಮೇಲೆ, 1991ರ ಮಾರ್ಚ್ 5ರಂದು ಬಿಡುಗಡೆಯಾಯಿತು. ಈ ಭಾಗವನ್ನು ಪುಸ್ತಕದಲ್ಲಿ ಓದುವುದು ಕಷ್ಟ. ಹಿಂಸೆಯ ವಿವರ ಓದಲಾಗದವರು ಆ ಅಧ್ಯಾಯಗಳನ್ನು ದಾಟಿ ಹೋಗಬಹುದು. ಕಥೆಯ ಎಳೆ ತಪ್ಪುವುದಿಲ್ಲ.

## ಬಂದೂಕು ಬಿಟ್ಟು ಪೆನ್ನು ಹಿಡಿದದ್ದು

ಇಂಥವರು ಬರೆಯೋಕೆ ಶುರು ಮಾಡಿದ್ದು ಹೇಗೆ?

ಅವರಿಗಿಂತ ಮೊದಲು ಅವರ ದೊಡ್ಡ ಸಾಹೇಬರು ಬರೆದಿದ್ದರು. ಕೊಲ್ಲಿ ಯುದ್ಧದಲ್ಲಿ ಬ್ರಿಟಿಷ್ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಪೀಟರ್ ಡಿ ಲಾ ಬಿಲಿಯೇರ್ ತಾವೂ ಎಸ್‌ಎಎಸ್‌ನವರೇ. 1992ರಲ್ಲಿ ತಂದ ಪುಸ್ತಕದಲ್ಲಿ ಅವರು ಈ ತಂಡದ ವಿಷಯ ಬರೆದರು. ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲು ತೆರೆಯಿತು. ಸಾಹೇಬರು ಹೇಳಬಹುದಾದರೆ, ಚಳಿಯಲ್ಲಿ ನಡೆದ ಸಾರ್ಜೆಂಟ್ ಯಾಕೆ ಹೇಳಬಾರದು, ಅಲ್ವಾ? ಮರುವರ್ಷವೇ ಮೆಕ್‌ನ್ಯಾಬ್ ಪುಸ್ತಕ ಬಂತು. 1995ರಲ್ಲಿ ಎರಡನೆಯದು ‘ಇಮ್ಮಿಡಿಯೇಟ್ ಆ್ಯಕ್ಷನ್’ ಬಂತು. ಅದರಲ್ಲಿ ಬಾಲ್ಯ, ಸೈನ್ಯ ಸೇರಿದ್ದು, ಎಸ್‌ಎಎಸ್ ಬದುಕು ಎಲ್ಲ ಇದೆ.

ಯುದ್ಧದ ಪುಸ್ತಕ ಎಷ್ಟೋ ಇವೆ. ಇದೊಂದೇ ಯಾಕೆ ಅಷ್ಟು ಓಡಿತು?

ಜನರಲ್‌ಗಳು ಬರೆದ ಪುಸ್ತಕದಲ್ಲಿ ಬಾಣದ ಗುರುತಿನ ನಕ್ಷೆ ಇರುತ್ತದೆ, ಇಂಥ ದಳ ಇಂಥ ದಿಕ್ಕಿಗೆ ಹೋಯಿತು ಅಂತ ಇರುತ್ತದೆ. ಮೆಕ್‌ನ್ಯಾಬ್ ಪುಸ್ತಕದಲ್ಲಿ ಬೆನ್ನಿನ ಚೀಲ ಇದೆ. ಅದರೊಳಗೆ ಏನೇನು ತುಂಬಿದರು, ಯಾವುದನ್ನು ಮೇಲಿಟ್ಟರು, ಯಾವುದನ್ನು ಬಿಟ್ಟರು ಅಂತ ಪುಟಗಟ್ಟಲೆ ಹೇಳುತ್ತಾರೆ. ಮೊದಲು ಓದುವಾಗ ಇದೆಲ್ಲ ಯಾಕಪ್ಪಾ ಅನ್ನಿಸುತ್ತದೆ. ಆಮೇಲೆ ಗುಂಡಿನ ಸದ್ದು ಶುರುವಾಗಿ, ಆ ಚೀಲಗಳನ್ನು ಬಿಸಾಕಿ ಓಡುವಾಗ, ಕಳೆದುಕೊಂಡದ್ದು ಏನು ಅಂತ ಓದುಗನಿಗೆ ಒಂದೊಂದೂ ಗೊತ್ತಿರುತ್ತದೆ. ನೀರು ಹೋಯಿತು, ಬೆಚ್ಚನೆ ಬಟ್ಟೆ ಹೋಯಿತು. ಬಿಡಿಸಿ ಹೇಳುವ ಅಗತ್ಯವೇ ಬರುವುದಿಲ್ಲ.

ಇನ್ನೊಂದು, ಭಾಷೆ. ಪುಟ್ಟ ವಾಕ್ಯಗಳು. ಬ್ಯಾರಕ್ಕಿನ ಬೈಗುಳ, ಚಹಾ, ತಮಾಷೆ. ಭಯವಾದಾಗ ಭಯವಾಯಿತು ಅಂತಲೇ ಬರೆಯುತ್ತಾರೆ. ತಡವಾಗಿ ಓದು ಕಲಿತ ಮನುಷ್ಯ, ಓದುಗ ಎಲ್ಲಿ ಪುಸ್ತಕ ಮುಚ್ಚಿಡುತ್ತಾನೆ ಅನ್ನುವುದನ್ನು ಚೆನ್ನಾಗಿ ಬಲ್ಲ. ಅವರ ಪುಟಗಳಲ್ಲಿ ಅಂಥ ಜಾಗಗಳು ಕಮ್ಮಿ.

ಕಾದಂಬರಿಗಳಲ್ಲಿ ಯಾವುದರಿಂದ ಶುರು ಮಾಡಲಿ?

‘ರಿಮೋಟ್ ಕಂಟ್ರೋಲ್’ನಿಂದ. ನಿಕ್ ಸ್ಟೋನ್ ಎಂಬ ನಾಯಕನ ಮೊದಲ ಕಥೆ ಅದು. ಎಸ್‌ಎಎಸ್ ಬಿಟ್ಟು ಬ್ರಿಟಿಷ್ ಗುಪ್ತಚರರಿಗೆ ಕೆಲಸ ಮಾಡುವವನು. ಸಿಕ್ಕಿಬಿದ್ದರೆ ಇವನು ಯಾರೋ ನಮಗೆ ಗೊತ್ತಿಲ್ಲ ಅಂತ ಸರ್ಕಾರ ಕೈತೊಳೆದುಕೊಳ್ಳುವಂಥ ಕೆಲಸ. ಅಮೆರಿಕದಲ್ಲಿ ಗೆಳೆಯನ ಮನೆಯವರೆಲ್ಲ ಕೊಲೆಯಾಗಿ, ಬದುಕುಳಿದ ಏಳು ವರ್ಷದ ಹುಡುಗಿ ಕೆಲಿ ಇವನ ಕೈಗೆ ಬೀಳುತ್ತಾಳೆ. ಕೊಲ್ಲುವುದು ಗೊತ್ತಿದ್ದು, ಮಗುವಿಗೆ ಊಟ ಮಾಡಿಸುವುದು ಗೊತ್ತಿಲ್ಲದ ಮನುಷ್ಯ ಅವಳನ್ನು ಕಟ್ಟಿಕೊಂಡು ಓಡುತ್ತಾನೆ. ಅಲ್ಲಿಂದ 2017ರವರೆಗೆ ಹತ್ತೊಂಬತ್ತು ನಿಕ್ ಸ್ಟೋನ್ ಕಾದಂಬರಿಗಳು ಬಂದವು. ಮೊದಲ ಐದಾರರಲ್ಲಿ ಇರುವ ಬಿಗಿ ಕೊನೆಯವುಗಳಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಲ್ಲವನ್ನೂ ಓದಲೇಬೇಕಿಲ್ಲ.

ಬೇರೆಯವರ ಜೊತೆ ಸೇರಿ ಬರೆದದ್ದೂ ಇದೆಯಂತೆ?

ಇದೆ. ಹದಿಹರೆಯದವರಿಗಾಗಿ ‘ಬಾಯ್ ಸೋಲ್ಜರ್’ ಸರಣಿಯನ್ನು ರಾಬರ್ಟ್ ರಿಗ್ಬಿ ಜೊತೆ ಬರೆದರು. ಇಬ್ಬರ ಹೆಸರೂ ಮುಖಪುಟದಲ್ಲೇ ಇದೆ.

ಸಿನಿಮಾದಲ್ಲೂ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ. 1995ರ ಹಾಲಿವುಡ್ ಚಿತ್ರ ‘ಹೀಟ್’ಗೆ ನಟರಿಗೆ ಬಂದೂಕು ಹಿಡಿಯುವ ತರಬೇತಿ ಕೊಟ್ಟವರಲ್ಲಿ ಅವರೂ ಒಬ್ಬರು. ಬ್ಯಾಂಕ್ ದರೋಡೆಯ ನಂತರದ ಬೀದಿ ಕಾಳಗ ನೋಡಿ. ಒಬ್ಬ ಓಡುವಾಗ ಇನ್ನೊಬ್ಬ ಗುಂಡು ಹಾರಿಸಿ ಕಾಯುತ್ತಾನೆ, ಮ್ಯಾಗಜಿನ್ ಬದಲಿಸುವ ಕೈಗಳು ತಡವರಿಸುವುದಿಲ್ಲ. ‘ಬ್ರಾವೋ ಟೂ ಝೀರೋ’ ಕಥೆಯನ್ನೂ ಬಿಬಿಸಿ 1999ರಲ್ಲಿ ಚಿತ್ರವಾಗಿ ತಂದಿತು. ಮೆಕ್‌ನ್ಯಾಬ್ ಪಾತ್ರ ಮಾಡಿದವರು ಶಾನ್ ಬೀನ್.

## ಕಷ್ಟದ ಪ್ರಶ್ನೆಗಳು

ಪುಸ್ತಕದಲ್ಲಿ ಬರೆದದ್ದೆಲ್ಲ ನಿಜಾನಾ? ಸುಳ್ಳು ಅಂತ ಇನ್ನೊಂದು ಪುಸ್ತಕಾನೇ ಬಂದಿದೆಯಂತಲ್ಲ.

ಒಂದಲ್ಲ, ಹಲವು ಬಂದಿವೆ. ಈ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರಿಸಲು ನನಗೆ ಇಷ್ಟವಿಲ್ಲ.

ತಂಡ ಹೋದದ್ದು, ಮೂವರು ಸತ್ತದ್ದು, ನಾಲ್ವರು ಸೆರೆ ಸಿಕ್ಕು ಹಿಂಸೆ ಅನುಭವಿಸಿದ್ದು, ರಯಾನ್ ನಡೆದು ಪಾರಾದದ್ದು – ಇದರಲ್ಲಿ ಯಾವ ತಕರಾರೂ ಇಲ್ಲ. ತಕರಾರು ಇರುವುದು ಕಾಳಗದ ಬಗ್ಗೆ. ಮೆಕ್‌ನ್ಯಾಬ್ ಪುಸ್ತಕ ಓದಿದರೆ ಈ ಎಂಟು ಜನ ಇರಾಕಿ ಸೈನಿಕರ ದೊಡ್ಡ ಪಡೆಗಳ ಜೊತೆ ಮತ್ತೆ ಮತ್ತೆ ಹೋರಾಡಿ, 250ರಷ್ಟು ಜನರನ್ನು ಕೊಂದರು ಅಥವಾ ಗಾಯಗೊಳಿಸಿದರು ಅನ್ನಿಸುತ್ತದೆ.

ಮೈಕೆಲ್ ಆಶರ್ ಇದನ್ನು ಪರೀಕ್ಷಿಸಲು ಹೊರಟರು. ಅವರೂ ಮಾಜಿ ಸೈನಿಕರು, ಎಸ್‌ಎಎಸ್‌ನ ಮೀಸಲು ಪಡೆಯಲ್ಲಿದ್ದವರು. ಜೊತೆಗೆ ಅರಬ್ಬಿ ಬಲ್ಲವರು, ಸೂಡಾನಿನ ಅಲೆಮಾರಿಗಳ ಜೊತೆ ವರ್ಷಗಟ್ಟಲೆ ಬದುಕಿದವರು. 2001ರಲ್ಲಿ ಇರಾಕಿಗೆ ಹೋಗಿ, ತಂಡ ಅಡಗಿದ್ದ ಜಾಗ ಹುಡುಕಿ, ಅಲ್ಲೇ ವಾಸವಿದ್ದ ಬೆದೂಯಿನ್ (ಮರುಭೂಮಿಯ ಅರಬ್ಬಿ ಬುಡಕಟ್ಟು) ಕುಟುಂಬವನ್ನು ಮಾತಾಡಿಸಿದರು. ಸೈನಿಕರ ಪಡೆಯೇನೂ ಬಂದಿರಲಿಲ್ಲ, ಮನೆಯ ಮೂವರು ಗಂಡಸರು ಬಂದೂಕು ಹಿಡಿದು ಹೋದೆವು, ನಮ್ಮಲ್ಲಿ ಯಾರೂ ಸಾಯಲಿಲ್ಲ ಅಂತ ಆ ಮನೆಯವರು ಹೇಳಿದರು. ಕೊಲ್ಲಿ ಯುದ್ಧದ ಹೊತ್ತಿಗೆ ಎಸ್‌ಎಎಸ್‌ನ ರೆಜಿಮೆಂಟಲ್ ಸಾರ್ಜೆಂಟ್ ಮೇಜರ್ ಆಗಿದ್ದ ಪೀಟರ್ ರ‍್ಯಾಟ್‌ಕ್ಲಿಫ್ ಕೂಡ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ, ವಾಪಸ್ ಬಂದವರು ಸೈನ್ಯದೊಳಗೆ ಕೊಟ್ಟ ವರದಿಗೂ ಪುಸ್ತಕಗಳಿಗೂ ತಾಳೆಯಾಗುವುದಿಲ್ಲ ಅಂದರು. ಗಾಡಿ ತೆಗೆದುಕೊಂಡು ಹೋಗಿ ಅಂತ ಹೇಳಿದರೂ ಕೇಳಲಿಲ್ಲ ಎಂದೂ ಬರೆದರು.

ಆಶರ್ ಮಾತಾಡಿಸಿದ್ದು ಸದ್ದಾಂ ಆಳ್ವಿಕೆಯ ಇರಾಕಿನಲ್ಲಿ, ಘಟನೆ ನಡೆದು ಹತ್ತು ವರ್ಷವಾದ ಮೇಲೆ. ಆ ಸಾಕ್ಷಿಗೂ ಅದರದೇ ಮಿತಿ ಇದೆ. ಆದರೂ ಕಾಳಗದ ವರ್ಣನೆಗಳ ವಿಷಯದಲ್ಲಿ ನನ್ನ ನಂಬಿಕೆ ಆಶರ್ ಕಡೆಗೇ ವಾಲುತ್ತದೆ. ಎರಡು ಕಡೆಯವರೂ ಇದ್ದ ಜಾಗದಲ್ಲಿ ಒಂದು ಕಡೆಯವರನ್ನಷ್ಟೇ ಕೇಳಿ ಸಾವಿನ ಲೆಕ್ಕ ಹಾಕುವುದು ಸರಿಯಲ್ಲ. ಚಳಿ, ಭಾರ, ಸೆರೆಮನೆ – ಇವುಗಳ ವಿಷಯದಲ್ಲಿ ಮೆಕ್‌ನ್ಯಾಬ್ ಪುಸ್ತಕವನ್ನು ಈಗಲೂ ನಂಬಿ ಓದುತ್ತೇನೆ.

ವಿನ್ಸ್ ಫಿಲಿಪ್ಸ್ ವಿಷಯಕ್ಕೆ ಅಷ್ಟು ಗಲಾಟೆ ಯಾಕಾಯಿತು?

ಸತ್ತವನು ತಿರುಗಿ ಮಾತಾಡಲಾರ, ಅದಕ್ಕೆ. ತಂಡದ ಜಾಗ ಶತ್ರುವಿಗೆ ಗೊತ್ತಾಗಲು ಫಿಲಿಪ್ಸ್ ಅಲುಗಾಡಿದ್ದೇ ಕಾರಣ ಅನ್ನುವ ಅರ್ಥ ಬರುವ ಹಾಗೆ ಬರೆದದ್ದಿತ್ತು. ಕ್ರಿಸ್ ರಯಾನ್ 1995ರಲ್ಲಿ ತಂದ ಪುಸ್ತಕವಂತೂ ಅವರನ್ನು ಎದೆಗುಂದಿದವನ ಹಾಗೆ ಚಿತ್ರಿಸಿತು. ಮಗನನ್ನು ಕಳೆದುಕೊಂಡ ಮನೆಯವರು ಇದನ್ನೆಲ್ಲ ಪುಸ್ತಕದಲ್ಲಿ ಓದಬೇಕಾಯಿತು, ಚಿತ್ರವಾಗಿ ನೋಡಬೇಕಾಯಿತು. ತಂಡದಲ್ಲೇ ಇದ್ದ ಮೈಕ್ ಕೋಬರ್ನ್ ಆಮೇಲೆ ಫಿಲಿಪ್ಸ್ ಪರವಾಗಿ ನಿಂತರು. ಆಶರ್ ಕೂಡ ಅವರ ಮೇಲಿನ ದೂರಿಗೆ ಆಧಾರವಿಲ್ಲ ಅಂದರು. ಈ ಇಡೀ ಪ್ರಕರಣದಲ್ಲಿ ನನಗೆ ಕೋಪ ಬರಿಸುವ ವಿಷಯ ಇದೊಂದೇ. 250ರ ಲೆಕ್ಕ ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ. ಸತ್ತ ಸೈನಿಕನ ಹೆಸರಿಗೆ ಹತ್ತಿದ ಮಸಿ ಹೋಗಲು ವರ್ಷಗಟ್ಟಲೆ ಬೇಕಾಯಿತು.

ಹಾಗಾದ್ರೆ ಇಂಥ ಪುಸ್ತಕ ಓದೋದೇ ವೇಸ್ಟಾ?

ಖಂಡಿತ ಅಲ್ಲ. ನಮ್ಮಲ್ಲಿ ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ ಓದದವರು ಯಾರಿದ್ದಾರೆ? ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದ ಕಥೆ. ಅದರ ಮೂಲ ಲೇಖಕ ರಾವಿಚ್ ತಪ್ಪಿಸಿಕೊಂಡದ್ದಲ್ಲ, 1942ರಲ್ಲಿ ಸೋವಿಯತ್ ಸರ್ಕಾರವೇ ಬಿಡುಗಡೆ ಮಾಡಿತ್ತು ಅನ್ನುವ ದಾಖಲೆಗಳನ್ನು ಬಿಬಿಸಿ 2006ರಲ್ಲಿ ಹೊರಗೆ ತಂದಿತು. ಅದನ್ನು ತಿಳಿದ ಮೇಲೂ ಆ ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ. ಓದುವ ರೀತಿ ಮಾತ್ರ ಬದಲಾಗುತ್ತದೆ. ಮೆಕ್‌ನ್ಯಾಬ್, ರಯಾನ್, ಕೋಬರ್ನ್, ಆಶರ್ ನಾಲ್ವರನ್ನೂ ಒಂದರ ಪಕ್ಕ ಒಂದಿಟ್ಟು ಓದಿ. ಒಂದೇ ರಾತ್ರಿ ನಾಲ್ಕು ಥರ ಕಾಣುತ್ತದೆ. ಅಷ್ಟು ಒಳ್ಳೆಯ ಓದು ಬೇರೆ ಎಲ್ಲೂ ಸಿಗದು.

ಸೈನ್ಯದ ಗುಟ್ಟೆಲ್ಲ ಬರೆದರೂ ಸರ್ಕಾರ ಸುಮ್ನೆ ಇತ್ತಾ?

ಮೆಕ್‌ನ್ಯಾಬ್ ತಮ್ಮ ಹಸ್ತಪ್ರತಿಗಳನ್ನು ರಕ್ಷಣಾ ಸಚಿವಾಲಯಕ್ಕೆ ತೋರಿಸಿಯೇ ಅಚ್ಚಿಗೆ ಕಳಿಸಿದ್ದಾಗಿ ಹೇಳುತ್ತಾರೆ. ಆದರೆ ಒಂದರ ಹಿಂದೆ ಒಂದು ಪುಸ್ತಕ ಬರತೊಡಗಿದಾಗ ಸಚಿವಾಲಯಕ್ಕೆ ತಲೆನೋವಾಯಿತು. 1996ರಲ್ಲಿ ವಿಶೇಷ ಪಡೆಯವರೆಲ್ಲ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು ಅಂತ ಬಂತು. ಸಹಿ ಹಾಕದಿದ್ದರೆ ಪಡೆಯಿಂದ ಹೊರಗೆ, ಹಳೇ ದಳಕ್ಕೆ ವಾಪಸ್.

ಕೋಬರ್ನ್ ಸಹಿ ಹಾಕಿದರು, ಸ್ವಲ್ಪ ದಿನಕ್ಕೆ ಸೈನ್ಯ ಬಿಟ್ಟು ತಮ್ಮ ದೇಶ ನ್ಯೂಜಿಲೆಂಡಿಗೆ ಹೋಗಿ ಪುಸ್ತಕ ಬರೆದರು. ಬ್ರಿಟಿಷ್ ಸರ್ಕಾರ ಅಲ್ಲಿನ ಕೋರ್ಟಿಗೆ ಹೋಯಿತು. ಕೇಸು ಆಗ ನ್ಯೂಜಿಲೆಂಡಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಏರಿತು. 2003ರಲ್ಲಿ ಬಂದ ತೀರ್ಪಿನ ಪ್ರಕಾರ ಒಪ್ಪಂದಕ್ಕೆ ಬೆಲೆ ಇದೆ, ಪುಸ್ತಕ ನಿಲ್ಲಿಸುವ ಹಾಗಿಲ್ಲ, ಆದರೆ ಲಾಭದ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಕೋಬರ್ನ್ ಪುಸ್ತಕ 2004ರಲ್ಲಿ ಬಂತು. ಜನರಲ್ ಬರೆದಾಗ ಇಲ್ಲದ ಬಿಗಿ ಸಿಪಾಯಿ ಬರೆದಾಗ ಬಂತು ಅಂತ ಸೈನಿಕರು ಗೊಣಗಿದ್ದರಲ್ಲಿ ಅರ್ಥವಿದೆ.

ಅವರೊಬ್ಬ ಸೈಕೋಪಾತ್ ಅಂತ ಓದಿದೆ. ನಿಜಾನಾ?

ಕೆವಿನ್ ಡಟನ್ ಎಂಬ ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞರು ಅವರನ್ನು ಪರೀಕ್ಷೆ ಮಾಡಿದರು. ಭಯಂಕರ ಚಿತ್ರಗಳನ್ನು ತೋರಿಸಿದಾಗ ಎಲ್ಲರಿಗೂ ಎದೆಬಡಿತ ಏರಿದರೆ, ಮೆಕ್‌ನ್ಯಾಬ್‌ಗೆ ಇಳಿಯಿತು. ಭಯವಿಲ್ಲದಿರುವುದು, ಒತ್ತಡದಲ್ಲಿ ತಣ್ಣಗಿರುವುದು – ಇಂಥ ಗುಣಗಳಲ್ಲಿ ಅವರು ಬಹಳ ಮೇಲಿದ್ದಾರೆ ಅಂತ ಡಟನ್ ಹೇಳಿದರು. ಇಬ್ಬರೂ ಸೇರಿ 2014ರಲ್ಲಿ ಇದರ ಮೇಲೇ ಪುಸ್ತಕ ಬರೆದರು. ಕೊಲೆಗಡುಕ ಅನ್ನುವ ಅರ್ಥ ಇಲ್ಲಿಲ್ಲ. ನನಗಂತೂ ಆ ಪುಸ್ತಕ ರುಚಿಸಲಿಲ್ಲ. ಹಣೆಪಟ್ಟಿ ಹಚ್ಚಿ ಮಾರುವ ಆತುರ ಅದರಲ್ಲಿ ಜಾಸ್ತಿ.

ಕೊಲ್ಲೋ ಕೆಲಸವನ್ನ ಹೀರೋಗಿರಿ ಮಾಡಿ ಬರೆಯೋದು ಸರೀನಾ?

ಈ ಆಕ್ಷೇಪ ನ್ಯಾಯವಾದದ್ದು. ಮೊದಲ ಪುಸ್ತಕದಲ್ಲಿ ಇರಾಕಿಗಳು ಹೆಚ್ಚಾಗಿ ಹೊಡೆಯುವವರಾಗಿ ಬರುತ್ತಾರೆ, ಇಲ್ಲವೇ ಬೀಳುವ ನೆರಳುಗಳಾಗಿ ಬರುತ್ತಾರೆ. ಕುರಿ ಮೇಯಿಸುವ ಹುಡುಗನ ಮನೆ ಹೇಗಿತ್ತು, ಅಂಗಳಕ್ಕೆ ಬಂದೂಕುಧಾರಿಗಳು ಬಂದಾಗ ಅವರಿಗೆ ಏನನ್ನಿಸಿತು ಅನ್ನುವುದು ಗೊತ್ತಾಗಲು ಆಶರ್ ಪುಸ್ತಕವೇ ಬೇಕಾಯಿತು. ಮಕ್ಕಳ ಕೈಗೆ ಈ ಪುಸ್ತಕ ಕೊಡುವ ಮೇಷ್ಟ್ರುಗಳಿಗೆ ನಾನು ಹೇಳುವುದು, ಎರಡನ್ನೂ ಒಟ್ಟಿಗೇ ಕೊಡಿ.

ಅವರಿಗೆ ಸರ್ಕಾರ ಕೊಟ್ಟ ಗೌರವ ಯುದ್ಧಕ್ಕಾ, ಬರಹಕ್ಕಾ?

ಎರಡೂ ಇವೆ. ಸೈನಿಕರಾಗಿ ಉತ್ತರ ಐರ್ಲೆಂಡಿನ ಕಾಳಗಕ್ಕೆ ಮಿಲಿಟರಿ ಮೆಡಲ್, ಇರಾಕಿಗೆ ಡಿಸ್ಟಿಂಗ್ವಿಷ್ಡ್ ಕಂಡಕ್ಟ್ ಮೆಡಲ್ ಬಂದವು. 2017ರಲ್ಲಿ ಬಂದ ಸಿಬಿಇ ಗೌರವ ಸಾಕ್ಷರತೆಗೆ ಮಾಡಿದ ಕೆಲಸಕ್ಕೆ.

ಆ ಕೆಲಸ ದೊಡ್ಡದು. ಬ್ರಿಟನ್ನಿನಲ್ಲಿ 2006ರಲ್ಲಿ ‘ಕ್ವಿಕ್ ರೀಡ್ಸ್’ ಎಂಬ ಯೋಜನೆ ಶುರುವಾಯಿತು. ಓದಲು ತೊಡಕಿರುವ ದೊಡ್ಡವರಿಗಾಗಿ, ಹೆಸರಾಂತ ಲೇಖಕರಿಂದಲೇ ತೆಳುವಾದ, ಸುಲಭದ ಪುಸ್ತಕ ಬರೆಸುವ ಯೋಜನೆ. ಮೆಕ್‌ನ್ಯಾಬ್ ಮೊದಲ ವರ್ಷವೇ ಬರೆದುಕೊಟ್ಟರು. ಆಮೇಲೆ ತಾವು ಓದು ಕಲಿತ ಕಥೆಯನ್ನೇ ಅಂಥ ಒಂದು ಪುಸ್ತಕವಾಗಿ ಬರೆದರು. ಜೈಲುಗಳಿಗೆ, ಸೈನ್ಯದ ಶಿಬಿರಗಳಿಗೆ, ಕಾರ್ಖಾನೆಗಳಿಗೆ ಹೋಗಿ ಓದಿನ ಬಗ್ಗೆ ಮಾತಾಡುತ್ತಾರೆ. ಜೈಲಿನಲ್ಲಿ ಕೂತ ಹುಡುಗನಿಗೆ ಓದು ಕಲಿ ಅಂತ ಮೇಷ್ಟ್ರು ಹೇಳಿದರೆ ಬೀಳುವ ತೂಕ ಬೇರೆ. ತಾನೂ ಅಂಥ ಕಡೆಯಿಂದಲೇ ಬಂದವನು, ಹದಿನಾರರಲ್ಲಿ ಮಕ್ಕಳ ಪುಸ್ತಕ ಓದಿದವನು ಹೇಳಿದರೆ ಬೀಳುವ ತೂಕ ಬೇರೆ. ನಮ್ಮಲ್ಲೂ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ನವಸಾಕ್ಷರರಿಗೆಂದೇ ಚಿಕ್ಕ ಪುಸ್ತಕಗಳನ್ನು ಹೊರತಂದಿತ್ತು. ಜನ ಕಾದು ಓದುವ ಕನ್ನಡದ ಜನಪ್ರಿಯ ಲೇಖಕರು ಅಂಥದಕ್ಕೆ ತಲಾ ಅರವತ್ತು ಪುಟ ಬರೆದುಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ ಅಂತ ಈ ಯೋಜನೆ ನೋಡಿದಾಗೆಲ್ಲ ಅನ್ನಿಸುತ್ತದೆ.

ನಮ್ಮಪ್ಪ ಹವಾಲ್ದಾರ್ ಆಗಿ ರಿಟೈರ್ ಆದವರು. ಎಷ್ಟೋ ಕಥೆ ಹೇಳ್ತಾರೆ, ಬರೆಯೋಕೆ ಮಾತ್ರ ಕೂರಲ್ಲ. ಏನು ಮಾಡೋದು?

ಬರೆಯಿರಿ ಅಂತ ಒತ್ತಾಯ ಮಾಡಬೇಡಿ. ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಯುದ್ಧ ಹೇಗಿತ್ತು’ ಅಂತ ಕೇಳಿದರೆ ‘ಇತ್ತಪ್ಪ’ ಅಂತ ಸುಮ್ಮನಾಗುತ್ತಾರೆ. ಟ್ರಂಕಿನಲ್ಲಿ ಏನೇನು ಒಯ್ಯುತ್ತಿದ್ದಿರಿ, ಊರಿಂದ ಹೊರಟ ರೈಲು ಎಷ್ಟು ದಿನಕ್ಕೆ ಮುಟ್ಟುತ್ತಿತ್ತು, ಲಂಗರಿನಲ್ಲಿ (ಸೈನ್ಯದ ಊಟದ ಮನೆಯಲ್ಲಿ) ಮುದ್ದೆ ಸಿಗದೆ ಹೇಗೆ ಇದ್ದಿರಿ, ಹಿಂದಿ ಯಾರು ಕಲಿಸಿದರು – ಇವನ್ನು ಕೇಳಿ. ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿದರೆ ದೊಡ್ಡ ವಿಷಯ ತಾನಾಗಿಯೇ ಬರುತ್ತದೆ. ಅವರ ಮಾತಿನ ಧಾಟಿಯನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ.

ದಳದ ಕೆಲಸ, ಗಡಿಯ ಠಾಣೆ, ಸಂಕೇತಗಳ ವಿವರ ಇದ್ದರೆ ಹುಷಾರು. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ. ಅನುಮಾನ ಬಂದ ಪುಟಗಳನ್ನು ಅವರ ರೆಜಿಮೆಂಟಿಗೆ ತೋರಿಸಿಯೇ ಅಚ್ಚು ಮಾಡಿಸಿ. ಜೊತೆಗಿದ್ದವರು ಬದುಕಿದ್ದರೆ ಅದೇ ಘಟನೆಯನ್ನು ಅವರಿಂದಲೂ ಕೇಳಿ. ಇಬ್ಬರ ಮಾತು ಬೇರೆ ಬೇರೆಯಾದರೆ ಎರಡನ್ನೂ ಬರೆಯಿರಿ. ಸತ್ತ ಸಂಗಾತಿಯ ಹೆಸರು ಬರುವ ಪುಟಗಳಿದ್ದರೆ, ಅಚ್ಚಿಗೆ ಕೊಡುವ ಮೊದಲು ಅವರ ಮನೆ ಹುಡುಕಿಕೊಂಡು ಹೋಗಿ, ಹೆಂಡತಿ ಮಕ್ಕಳಿಗೆ ಓದಿ ಹೇಳಿ. ಅವರು ಬೇಡ ಅಂದ ಸಾಲನ್ನು ತೆಗೆದುಬಿಡಿ.